ಒಳಜೇಬಿನ ಹೊಲಿಗೆ

ಪಾಸ್‌ಪೋರ್ಟುಗಳನ್ನು ಗಂಡನ ಕೋಟಿನ ಒಳಜೇಬಿಗೆ ಹಾಕಿ ಬಾಯಿ ಹೊಲಿದವಳು ನಾನೇ. ಜೇಬಿನ ಬಾಯಿ ಅಂದೆ. ಗಂಡನ ಬಾಯಿ ಹೊಲಿಯುವಂಥ ಸೂಜಿಯನ್ನು ಇನ್ನೂ ಯಾರೂ ಮಾಡಿಲ್ಲ.

ನಾವಿಬ್ಬರೂ ದರ್ಜಿಗಳು. ಅವರು ಬಟ್ಟೆ ಕತ್ತರಿಸುತ್ತಾರೆ, ನಾನು ಹೊಲಿಯುತ್ತೇನೆ. ಗಿರಾಕಿಗಳೆಲ್ಲ ಅವರನ್ನು ಮಾಸ್ಟ್ರು ಎನ್ನುತ್ತಾರೆ; ಕೋಪ ಬಂದಾಗ ನಾನೂ ಹಾಗೆಯೇ ಕರೆಯುತ್ತೇನೆ. ಆ ದಿನದ ಕಥೆ ಹೇಳುವಾಗ ಮಾಸ್ಟ್ರು ಎಂದೇ ಹೇಳಬೇಕು, ಬೇರೇನೂ ಬಾಯಿಗೆ ಬರುವುದಿಲ್ಲ.

ಹೊರಟಿದ್ದು ನನ್ನ ತಂಗಿಯ ಹತ್ತಿರಕ್ಕೆ. ಅವಳೂ ದರ್ಜಿಯೇ. ದೂರದ ದೇಶದಲ್ಲಿ ಗಂಡನ ಜೊತೆ ಪುಟ್ಟ ಅಂಗಡಿ ಇಟ್ಟುಕೊಂಡಿದ್ದಾಳೆ. ಚಿಕ್ಕಂದಿನಿಂದ ಮನೆಯಲ್ಲಿ ಅವಳಿಗೆ ರೇಡಿಯೊ ಎಂದು ಅಡ್ಡಹೆಸರು. ಕೈಗೆ ಸೂಜಿ ಬಂತೆಂದರೆ ಬಾಯಿ ಶುರು. ಬೀದಿಯಲ್ಲಿ ಯಾರು ಯಾರಿಗೆ ಏನಂದರು, ಯಾವ ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ಟ, ಎಲ್ಲವೂ ಬರುತ್ತಿತ್ತು. ಹೊಲಿಯುವಾಗ ನನ್ನ ತುಟಿಗಳ ನಡುವೆ ಗುಂಡುಸೂಜಿಗಳಿರುತ್ತವೆ, ಹಾಗಾಗಿ ನಾನು ಬರೀ ಹೂಂಗುಟ್ಟುತ್ತಿದ್ದೆ. ನಮ್ಮಿಬ್ಬರ ಅರ್ಧ ಆಯುಸ್ಸು ಹೀಗೇ ಕಳೆಯಿತು.

ಆ ರೇಡಿಯೊದ ಗಂಟಲಲ್ಲಿ ಗಡ್ಡೆ ಎದ್ದಿತ್ತು. ಮಾರನೆಯ ದಿನ ಬೆಳಿಗ್ಗೆ ಆಪರೇಷನ್. ಜೀವ ಉಳಿಯುತ್ತದೆ, ಆದರೆ ಧ್ವನಿಪೆಟ್ಟಿಗೆ ತೆಗೆದುಬಿಡಬೇಕು ಅಂದಿದ್ದರು ಡಾಕ್ಟರು. ಆಮೇಲೆ ಆ ಧ್ವನಿ ಎಂದೂ ಬರುವುದಿಲ್ಲ. ಫೋನಿನಲ್ಲಿ ಅವಳು ಎರಡು ಮಾತಾಡಿ ಇಟ್ಟುಬಿಡುತ್ತಿದ್ದಳು. "ಜಾಸ್ತಿ ಮಾತಾಡ್ಬೇಡಿ ಅಂದಿದಾರೆ ಅಕ್ಕ. ಉಳಿಸ್ಕೊಂಡಿದೀನಿ. ನೀನು ಬಂದ್ಮೇಲೆ ಎದುರು ಕೂತು ಎಲ್ಲಾ ಖರ್ಚು ಮಾಡ್ತೀನಿ." ನಮ್ಮ ವಿಮಾನ ಇಳಿಯುವುದು ಬೆಳಕು ಹರಿಯುವ ಹೊತ್ತಿಗೆ. ಅವಳನ್ನು ಒಳಗೆ ಕರೆದೊಯ್ಯುವುದು ಬಿಸಿಲೇರಿದ ಮೇಲೆ. ಆ ನಡುವಿನ ಹೊತ್ತಿಗಾಗಿ ನಾನು ಅಂಗಡಿ ಮುಚ್ಚಿ, ಬ್ಯಾಗು ತುಂಬಿ, ಆಕಾಶಕ್ಕೆ ಹಾರಿದ್ದೆ.

ನಡುವೆ ಒಂದು ಪರದೇಶದ ನಗರದಲ್ಲಿ ವಿಮಾನ ಬದಲಿಸಬೇಕಿತ್ತು. ಬೆಳಿಗ್ಗೆ ಇಳಿದರೆ ಮುಂದಿನ ವಿಮಾನ ಸಂಜೆಗೆ. ಅದು ತಪ್ಪಿದರೆ ಮತ್ತೊಂದು ಮರುದಿನ ಸಂಜೆಗೇ. ನಾನು ಒಂದು ಕುರ್ಚಿ ಹಿಡಿದು ಕೂತಿದ್ದೆ. ಮಾಸ್ಟ್ರು ಕೂರಬೇಕಲ್ಲ.

"ಇಡೀ ದಿನ ಇಲ್ಲೇ ಕೂತು ಏನ್ ಮಾಡ್ತೀಯಾ? ಊರೊಳಗೆ ಹೋಗಿ ಬರೋಕೆ ಬಿಡ್ತಾರಂತೆ. ರೈಲಿದೆ. ಸುತ್ತಾಡ್ಕೊಂಡು ಬರೋಣ."

"ನಾವೇನು ಸುತ್ತಾಡೋಕೆ ಬಂದಿದೀವಾ?"

"ಕೂತ್ರೆ ನೀನು ಅಳ್ತೀಯ. ನಡೆದ್ರೆ ಬರೀ ಬೈತೀಯ. ನಂಗೆ ಬೈಸ್ಕೊಳ್ಳೋದೇ ಪರವಾಗಿಲ್ಲ."

ಆ ಮಾತು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಆದರೂ ಎದ್ದೆ. ಅಧಿಕಾರಿಯ ಮುದ್ರೆ ಒತ್ತಿಸಿಕೊಂಡು ಹೊರಗೆ ಬಂದ ಮೇಲೆ ಒಂದು ಬೆಂಚಿನ ಮೇಲೆ ಕೂತು ಅವರ ಕೋಟನ್ನು ಬಿಚ್ಚಿಸಿದೆ. ನಮ್ಮ ಪಕ್ಕದ ಮನೆಯಾಕೆ ಹೀಗೇ ಯಾವುದೋ ಊರಿನಲ್ಲಿ ಪಾಸ್‌ಪೋರ್ಟು ಕಳೆದುಕೊಂಡು ಅಲೆದಾಡಿದ್ದಳು. ನಾನು ಅಷ್ಟು ದಡ್ಡಿಯಲ್ಲ. ಎರಡೂ ಪಾಸ್‌ಪೋರ್ಟನ್ನು ನಾನೇ ಹೊಲಿದ ರೆಕ್ಸಿನ್ ಚೀಲಕ್ಕೆ ಹಾಕಿ ಮಡಚಿದೆ, ಇವರ ಬೆವರು ತಾಗದಿರಲಿ ಅಂತ. ಚೀಲವನ್ನು ಒಳಜೇಬಿಗೆ ಇಳಿಸಿದೆ. ಆಮೇಲೆ ಜೋಡಿ ದಾರದಲ್ಲಿ, ಒತ್ತೊತ್ತಾಗಿ, ಮೇಲೆ ಕಾಣದ ಹಾಗೆ ಬಾಯಿ ಹೊಲಿದೆ.

"ಕತ್ತರಿಯನ್ನ ತಪಾಸಣೆಯವರು ಕಿತ್ಕೊಂಡಿದಾರೆ. ವಾಪಸ್ ಬರೋವಾಗ ಯಾವುದ್ರಲ್ಲಿ ಬಿಚ್ತೀಯಾ?" ಅಂದರು ಮಾಸ್ಟ್ರು.

"ಹಲ್ಲಿದೆ."

ನಗರ ಚೆನ್ನಾಗಿಯೇ ಇತ್ತು. ಇಲ್ಲ ಎನ್ನುವುದಿಲ್ಲ. ಅಗಲವಾದ ಕಾಲುದಾರಿ, ಎರಡೂ ಕಡೆ ಎತ್ತರದ ಹಳೆಯ ಕಟ್ಟಡಗಳು, ತಣ್ಣನೆಯ ಗಾಳಿ. ನಾನು ಯಾವುದನ್ನೂ ನೋಡುತ್ತಿರಲಿಲ್ಲ, ಫೋನನ್ನು ಕೈಯಲ್ಲೇ ಹಿಡಿದು ನಡೆಯುತ್ತಿದ್ದೆ. ಮಾಸ್ಟ್ರು ಮಾತ್ರ ಎದುರು ಬಂದವರ ತೋಳು, ಭುಜ, ಕಾಲರುಗಳನ್ನೇ ನೋಡುತ್ತ, "ಆ ಭುಜ ನೋಡು, ಏನ್ ಕೂತಿದೆ!" ಎನ್ನುತ್ತಿದ್ದರು. ಎರಡು ಸಲ ಹೊರಡೋಣ ಅಂದೆ. ಎರಡು ಸಲವೂ, "ಇನ್ನೂ ಮಧ್ಯಾಹ್ನ ಕಣೇ" ಅಂದರು.

ಮೂರನೆಯ ಸಲ ಹೇಳುವಷ್ಟರಲ್ಲಿ ಒಂದು ಒಳಬೀದಿಯಲ್ಲಿ ದರ್ಜಿ ಅಂಗಡಿ ಕಂಡುಬಿಟ್ಟಿತು. ಅಷ್ಟೇ, ಕಥೆ ಮುಗಿಯಿತು ಅಂದುಕೊಂಡೆ.

ಒಳಗೆ ನಮ್ಮ ಅಂಗಡಿಯದೇ ವಾಸನೆ: ಎಣ್ಣೆ, ಸೀಮೆಸುಣ್ಣ, ಬಿಸಿ ಇಸ್ತ್ರಿ. ಮಾಲೀಕನಿಗೆ ನಮ್ಮವರಷ್ಟೇ ವಯಸ್ಸು. ಕೊರಳಲ್ಲಿ ಅಳತೆಪಟ್ಟಿ, ಮೂಗಿನ ತುದಿಯಲ್ಲಿ ಕನ್ನಡಕ. ಇವರ ಭಾಷೆ ಅವನಿಗೆ ಬಾರದು, ಅವನದು ಇವರಿಗೆ ಬಾರದು. ಮಾಸ್ಟ್ರು ಅಲ್ಲಿದ್ದ ಒಂದು ಕೋಟಿನ ಕಾಲರನ್ನು ತಿರುವಿ ಒಳಹೊಲಿಗೆ ನೋಡಿ ತಲೆದೂಗಿದರು. ಅವನು ಇವರ ಕೋಟಿನ ತೋಳನ್ನು ಮುಟ್ಟಿ ಹುಬ್ಬೇರಿಸಿದ. ಎರಡೇ ನಿಮಿಷದಲ್ಲಿ ಕಳೆದುಹೋದ ಅಣ್ಣತಮ್ಮಂದಿರು ಸಿಕ್ಕ ಹಾಗಾಯಿತು. ಬಂದು ನಮ್ಮ ಕತ್ತರಿಸುವ ಮೇಜು ನೋಡಿ ಎಂದು ಅವನು ಕೈಸನ್ನೆ ಮಾಡಿದ. ಒಳಗೆ ಇಸ್ತ್ರಿಯ ಸೆಕೆ. ಮಾಸ್ಟ್ರು ಕೋಟು ಬಿಚ್ಚಿ, ಅತ್ತಿತ್ತ ನೋಡದೆ, ಬಾಗಿಲ ಪಕ್ಕದ ಸರಳಿಗೆ ತೂಗುಹಾಕಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅಂಗಡಿಯಲ್ಲಿ ಬಾಗಿಲ ಪಕ್ಕದ ಸರಳು ಗಿರಾಕಿಗಳದು. ಟ್ರಯಲ್‌ಗೆ ಬಂದವರು ತಮ್ಮ ಬಟ್ಟೆ ಬಿಚ್ಚಿ ಅಲ್ಲೇ ಹಾಕುತ್ತಾರೆ, ಅದನ್ನು ನಾವು ಕೈಯಿಂದ ಮುಟ್ಟುವುದೂ ಇಲ್ಲ. ಅಂಗಡಿ ತೆರೆದಂದಿನಿಂದ ಇದೇ ನಿಯಮ. ಆ ಸರಳಿಗೆ ಹಾಕಿದ್ದು ಬ್ಯಾಂಕಿನಲ್ಲಿಟ್ಟಷ್ಟೇ ಭದ್ರ ಎಂದು ಮಾಸ್ಟ್ರ ಕೈಗೆ ಅಭ್ಯಾಸವಾಗಿಬಿಟ್ಟಿದೆ. ನಾನೂ ನೋಡಿದೆ, ನನಗೂ ಏನೂ ಅನ್ನಿಸಲಿಲ್ಲ. ಅದರ ಕೆಳಗಿನ ಸ್ಟೂಲಿನಲ್ಲೇ ಕೂತೆ.

ಆಗ ಫೋನು ಬಂತು. ರೇಡಿಯೊ.

ಒಳಗೆ ಮೆಷಿನ್ನುಗಳ ಸದ್ದು. ಅವಳ ಧ್ವನಿಯೋ ಈಗ ಬರೀ ಗಾಳಿ ಬೆರೆತ ಗೊಗ್ಗರು. ಕೇಳಿಸದೆ ಹೊರಗೆ ಹೋಗಿ ಬಾಗಿಲಿಗೆ ಒರಗಿ ನಿಂತೆ.

"ಎಲ್ಲಿದೀಯಾ ಅಕ್ಕ?"

"ದಾರೀಲಿ ಕಣೇ. ನಿನ್ ಭಾವ ಊರು ತೋರಿಸ್ತಿದಾರೆ."

"ಯಾವ್ದಾದ್ರೂ ಟೈಲರ್ ಅಂಗಡೀಲಿ ಇರ್ತಾರೆ."

"ಹೂಂ ಮತ್ತೆ. ಇನ್ನೇನು, ಹೊರಡ್ತೀವಿ."

"ಬೇಗ ಬಾ ಅಕ್ಕ," ಅಂದಳು. "ಭಯ ಆಗ್ತಿದೆ."

ಭಯ ಎನ್ನುವ ಶಬ್ದ ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿ ಮುಂದಿನದೆಲ್ಲ ಮಸುಕಾಯಿತು. ಅಷ್ಟರಲ್ಲಿ ಒಳಗಿನಿಂದ ಒಬ್ಬ ದಡಿಯ ಚಕ್ರದ ಗಾಡಿಯ ತುಂಬ ಕೋಟುಗಳನ್ನು ತೂಗುಹಾಕಿಕೊಂಡು ಬಂದ. ಅವನ ಎರಡೂ ಕೈ ಗಾಡಿಯ ಮೇಲಿದ್ದವು. ನಾನು ಬದಿಗೆ ಸರಿದು ಬಾಗಿಲನ್ನು ಹಿಡಿದುಕೊಂಡೆ. ಅವನು ತಲೆಬಾಗಿ ಏನೋ ಅಂದ, ನಾನೂ ತಲೆಬಾಗಿದೆ. ಹೊಸ್ತಿಲಿನಲ್ಲಿ ಗಾಡಿ ಸಿಕ್ಕಿಕೊಂಡಾಗ ಕಾಲಿನಿಂದ ಒಂದು ತಳ್ಳುವ ಉಪಕಾರವನ್ನೂ ಮಾಡಿದೆ.

ಫೋನಿಟ್ಟು ಕಣ್ಣೊರೆಸಿಕೊಂಡು ಒಳಗೆ ಬಂದರೆ ಸರಳು ಖಾಲಿ.

"ರೀ!" ಎಂದು ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. ಮಾಸ್ಟ್ರು ಬರೀ ಅಂಗಿಯಲ್ಲಿ, ಕೈಗೆ ಮೆತ್ತಿದ ಸೀಮೆಸುಣ್ಣದೊಂದಿಗೆ ನಗುನಗುತ್ತ ಹೊರಗೆ ಬಂದರು.

"ಕೋಟೆಲ್ಲಿ?" ಅಂದೆ.

"ಅಲ್ಲೇ ಇದೆಯಲ್ಲ."

"ಎಲ್ಲಿ?"

ಅವರು ಸರಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮಾಲೀಕ ಬಂದು ಖಾಲಿ ಸರಳು, ಇವರ ಅಂಗಿ, ನನ್ನ ಮುಖ ಮೂರನ್ನೂ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. ಬೊಗಸೆಯಲ್ಲಿ ಬಟ್ಟೆ ಹಿಡಿದು ಗರಗರ ತಿರುಗಿಸುವ ಸನ್ನೆ ಮಾಡಿದ. ಆಗ ಗೊತ್ತಾಯಿತು. ಅವನ ಅಂಗಡಿಯಲ್ಲಿ ಬಾಗಿಲ ಪಕ್ಕದ ಸರಳು ತೊಳೆಯಲು ಹೋಗುವ ಕೋಟುಗಳದು.

ನಾನು ಎರಡು ಹೆಬ್ಬೆರಳಿನಿಂದ ಗಾಳಿಯಲ್ಲಿ ಪುಟ್ಟ ಪುಸ್ತಕ ಬಿಡಿಸಿದೆ, ಮುದ್ರೆ ಒತ್ತಿದೆ, ಕೈಚಾಚಿ ವಿಮಾನ ಹಾರಿಸಿದೆ, ಎದೆಯ ಎಡಭಾಗ ಬಡಿದುಕೊಂಡೆ. ಅವನಿಗೆ ಅರ್ಥವಾಗಿ ಫೋನು ಹಚ್ಚಿದ. ಆ ಕಡೆ ಎತ್ತುವವರಿಲ್ಲ. ಮತ್ತೆ ಹಚ್ಚಿದ. ಆಮೇಲೆ ಫೋನನ್ನು ಮೇಜಿನ ಮೇಲೆ ಬಿಸಾಕಿ, ಅಂಗಡಿಯನ್ನು ಹಾಗೇ ತೆರೆದಿಟ್ಟು ಓಡತೊಡಗಿದ. ಅವನ ಹಿಂದೆ ನಾವಿಬ್ಬರೂ.

ಓಡುತ್ತಲೇ ಮಾಸ್ಟ್ರಿಗೆ ಮಂಗಳಾರತಿ ಎತ್ತಿದೆ. "ಊರು ನೋಡ್ಬೇಕು ಅಂದ್ರಲ್ಲ, ನೋಡಿ ಈಗ! ಇಲ್ಲೇ ಮನೆ ಮಾಡ್ಕೊಂಡು ಜೀವನಪೂರ್ತಿ ನೋಡಿ! ಅವ್ಳು ಅಲ್ಲಿ ಭಯ ಅಂತಿದಾಳೆ ರೀ. ಭಯ ಅಂತಿದಾಳೆ!" ಬಾಗಿಲು ಹಿಡಿದು ಗಾಡಿ ತಳ್ಳಿಕೊಟ್ಟಿದ್ದು ನಾನೇ ಎಂದು ಇನ್ನೂ ಹೇಳಿರಲಿಲ್ಲ. ಹೇಳುವ ಹೊತ್ತೂ ಅದಲ್ಲ.

ಎರಡು ಬೀದಿ ದಾಟಿ, ಒಂದು ಸೇತುವೆಯ ಕೆಳಗೆ ನುಗ್ಗಿ, ತಗಡಿನ ಬಾಗಿಲಿನ ಉದ್ದನೆಯ ಕಟ್ಟಡಕ್ಕೆ ಬಂದೆವು. ಒಳಗೆ ಮಾತು ಕೇಳಿಸದಷ್ಟು ಗದ್ದಲ, ಬಟ್ಟೆ ತೊಳೆಯುವ ಔಷಧದ ಮೂಗು ಸುಡುವ ವಾಸನೆ. ಗೋಡೆಯುದ್ದಕ್ಕೂ ಗುಂಡು ಗಾಜಿನ ಬಾಗಿಲಿನ ದೊಡ್ಡ ದೊಡ್ಡ ಯಂತ್ರಗಳು. ಗಾಡಿ ಒಂದು ಮೂಲೆಯಲ್ಲಿ ನಿಂತಿತ್ತು, ಅದರಲ್ಲಿ ಇನ್ನೂ ಕೆಲವು ಕೋಟುಗಳಿದ್ದವು. ಮಾಸ್ಟ್ರು ಒಂದೊಂದನ್ನೇ ಎಳೆದು ನೋಡಿದರು. ನಾನು ಒಂದೊಂದರ ಎದೆ ಅಮುಕಿದೆ. ನಮ್ಮದಿರಲಿಲ್ಲ.

ಅಲ್ಲಿ ಕೆಲಸ ಮಾಡುತ್ತಿದ್ದ ದಪ್ಪ ಹೆಂಗಸು ಕೈಗವಸು ತೆಗೆಯುತ್ತ ಬಂದಳು. ಮಾಲೀಕ ಅವಳ ಕಿವಿಯ ಹತ್ತಿರ ಕೂಗಿ ಹೇಳಿದ. ಅವಳು ಸುತಾರಾಂ ಒಪ್ಪಲಿಲ್ಲ. ಒಂದು ತಟ್ಟೆಯನ್ನು ತಂದು ನಮ್ಮ ಮುಂದೆ ಹಿಡಿದಳು. ಅದರಲ್ಲಿ ಒಂದು ಬಾಚಣಿಗೆ, ಪೆನ್ನು, ಬೀಗದ ಕೈ ಇದ್ದವು. ಹಾಕುವ ಮುಂಚೆ ಪ್ರತಿ ಕೋಟಿನ ಪ್ರತಿ ಜೇಬಿಗೂ ಕೈಹಾಕಿ ನೋಡುತ್ತೇನೆ, ಪಾಸ್‌ಪೋರ್ಟು ಇರಲಿಲ್ಲ ಎನ್ನುವುದು ಅವಳ ವಾದ. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಆ ಜೇಬಿಗೆ ಕೈಹಾಕಲು ಬಾಯೇ ಇರಲಿಲ್ಲ. ಕಳ್ಳನಿಗೆ ಸಿಗಬಾರದೆಂದು ನಾನು ಹೊಲಿದ ಹೊಲಿಗೆ ಈ ಒಳ್ಳೆಯ ಹೆಂಗಸಿಗೂ ಸಿಕ್ಕಿರಲಿಲ್ಲ.

"ಇಲ್ಲಿ!" ಎಂದರು ಮಾಸ್ಟ್ರು.

ಕೊನೆಯ ಯಂತ್ರದ ಗಾಜಿಗೆ ಅವರು ಮೂಗು ಒತ್ತಿ ನಿಂತಿದ್ದರು. ಒಳಗೆ ಕಪ್ಪು ಕೋಟುಗಳು ಉರುಳಿ ಉರುಳಿ ಬೀಳುತ್ತಿದ್ದವು. ನಡುವೆ ಒಂದು ತೋಳು ಗಾಜಿಗೆ ಬಡಿದು ಕೆಳಗೆ ಜಾರಿತು. ಅದರ ಅಂಚಿನ ಗುಂಡಿಗಳನ್ನು ಹಾಕಿದವಳು ನಾನು. ನಮ್ಮ ಹೆಸರು, ನಮ್ಮ ಫೋಟೊ, ಅವಳ ಹತ್ತಿರ ಹೋಗುವ ದಾರಿ ಎಲ್ಲವೂ ಆ ಡ್ರಮ್ಮಿನೊಳಗೆ ಗಿರಗಿರ ತಿರುಗುತ್ತಿತ್ತು. ನಾನು ಗಾಜನ್ನು ಎರಡೂ ಕೈಯಿಂದ ಗುದ್ದಿದೆ. ಹೆಂಗಸು ನನ್ನ ಭುಜ ಹಿಡಿದು ಹಿಂದಕ್ಕೆಳೆದು ಕೆಂಪು ಗುಂಡಿ ಒತ್ತಿದಳು.

ಯಂತ್ರ ನಿಂತಿತು. ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಒಳಗಿನ ಔಷಧವೆಲ್ಲ ಇಳಿದುಹೋಗುವವರೆಗೆ ಬೀಗ ಬಿಚ್ಚುವುದಿಲ್ಲ ಎಂದು ಅವಳು ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿ ತೋರಿಸಿದಳು. ಕಾಯಬೇಕು. ಎಷ್ಟು ಹೊತ್ತು? ಅವಳು ಭುಜ ಕುಣಿಸಿದಳು.

ಕಾದೆವು. ಮೇಲಿನ ಕಿಟಕಿಯಲ್ಲಿ ಬೆಳಕು ಹಳದಿಗೆ ತಿರುಗುತ್ತಿತ್ತು. ನಮ್ಮ ಜೊತೆಗೆ ಹಾರುವವರು ಈಗ ಸಾಲಿನಲ್ಲಿ ನಿಲ್ಲುತ್ತಿರಬೇಕು ಅನ್ನಿಸಿತು. ಮಾಸ್ಟ್ರು ಒಮ್ಮೆ ಬಾಯಿ ತೆರೆದರು.

"ತಪ್ಪಾಯ್ತು ಕಣೇ. ನಾನು ಹೊರಡಿಸ್ಬಾರ್ದಿತ್ತು."

ಬೈಯಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಆದರೆ ರೇಡಿಯೊಗೆ ಬಟ್ಟೆ ಕತ್ತರಿಸುವುದನ್ನು ಕಲಿಸಿದ್ದೇ ಈ ಭಾವ.

"ಆ ಗಾಡಿಗೆ ಬಾಗಿಲು ಹಿಡಿದವಳು ನಾನೇ ರೀ," ಅಂದೆ.

ಅವರು ನನ್ನನ್ನೇ ನೋಡಿದರು. "ನೀನಾ?"

"ಕಾಲಲ್ಲಿ ತಳ್ಳಿಯೂ ಕೊಟ್ಟೆ."

ಅಷ್ಟರಲ್ಲಿ ಬೀಗ ಟಕ್ಕೆಂದಿತು.

ಕೋಟು ಒದ್ದೆಯಾಗಿ ಭಾರವಾಗಿತ್ತು. ಎದೆ ಅಮುಕಿದರೆ ಗಟ್ಟಿಯಾಗಿ ಕೈಗೆ ತಗುಲಿತು, ಇದೆ. ಹೇಗಿದೆಯೋ ದೇವರಿಗೇ ಗೊತ್ತು. ಬಿಚ್ಚಿ ನೋಡಲು ಮಾಲೀಕ ಬಿಡಲಿಲ್ಲ. ಗಡಿಯಾರ ತೋರಿಸಿ, ರಟ್ಟೆ ಹಿಡಿದು ಹೊರಗೆಳೆದು, ರಸ್ತೆಯ ನಡುವೆ ನಿಂತು ಒಂದು ಟ್ಯಾಕ್ಸಿಯನ್ನು ಅಡ್ಡಗಟ್ಟಿ ನಮ್ಮನ್ನು ಒಳಗೆ ನೂಕಿದ. ಅವನಿಗೆ ಒಂದು ನಮಸ್ಕಾರ ಹೇಳಲೂ ಆಗಲಿಲ್ಲ. ಇವತ್ತಿಗೂ ಅದೊಂದು ಕೊರಗು ನನಗಿದೆ.

ಟ್ಯಾಕ್ಸಿಯಲ್ಲಿ ಹೊಲಿಗೆಗೆ ಹಲ್ಲು ಹಾಕಿದೆ. ಜೋಡಿ ದಾರ, ಅದೂ ಒದ್ದೆಯಾಗಿ ಬಿಗಿದುಕೊಂಡಿತ್ತು. ನನ್ನ ಹೊಲಿಗೆ ಇಷ್ಟು ಗಟ್ಟಿ ಎಂದು ಅದುವರೆಗೆ ಹೆಮ್ಮೆಪಡುತ್ತಿದ್ದೆ. ಬಾಯಿಗೆ ಕಹಿ ಔಷಧದ ರುಚಿ ಬಂತು, ವಸಡಿನಿಂದ ರಕ್ತ ಬಂತು, ದಾರ ಬರಲಿಲ್ಲ. ಕೊನೆಗೆ ಜೇಬನ್ನು ಬಿಟ್ಟು ಅದರ ಪಕ್ಕದ ಲೈನಿಂಗ್ ಬಟ್ಟೆಯನ್ನೇ ಕಚ್ಚಿ ಎರಡೂ ಕೈಯಿಂದ ಪರ್ರೆಂದು ಹರಿದೆ. ಮಾಸ್ಟ್ರು ಕಣ್ಣು ಮುಚ್ಚಿಕೊಂಡರು. ಅವರು ಮದುವೆಗೆಂದು ಕತ್ತರಿಸಿಕೊಂಡಿದ್ದ ಕೋಟು ಅದು.

ರೆಕ್ಸಿನ್ ಚೀಲ ಅಂಟಂಟಾಗಿತ್ತು. ಬಿಡಿಸಿದೆ. ಒಂದು ಪಾಸ್‌ಪೋರ್ಟಿನ ಮೂಲೆ ಉಬ್ಬಿತ್ತು. ಫೋಟೊ ಹಾಗೇ ಇತ್ತು, ಅಕ್ಷರ ಹಾಗೇ ಇತ್ತು, ಮುದ್ರೆ ಹಾಗೇ ಇತ್ತು. ಅವರ ಬೆವರಿಗೆ ಹೆದರಿ ಹೊಲಿದ ಚೀಲ ನಮ್ಮನ್ನು ಕಾಪಾಡಿತ್ತು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ವಿಮಾನ ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟು ತೆರೆದ. ಮೂಗು ಅರಳಿಸಿದ. ಹತ್ತಿರ ತಂದು ಮೂಸಿದ. ಆಮೇಲೆ ನಮ್ಮಿಬ್ಬರ ಕಡೆ ಬಾಗಿ ಗಾಳಿ ಮೂಸಿದ. ಉಬ್ಬಿದ ಮೂಲೆಯನ್ನು ಉಗುರಿನಿಂದ ಕೆರೆದ. ಪಕ್ಕದವನನ್ನು ಕರೆದ. ಅವನೂ ಮೂಸಿದ. ಮಾಸ್ಟ್ರು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಒದ್ದೆ ಕೋಟನ್ನು ಎತ್ತಿ ಹಿಡಿದರು. ಹರಿದ ಲೈನಿಂಗ್ ಮೊಣಕಾಲಿನವರೆಗೆ ನೇತಾಡಿತು. ಅಧಿಕಾರಿ ಕೋಟು ನೋಡಿದ, ನನ್ನ ತುಟಿಯ ರಕ್ತ ನೋಡಿದ. ಏನು ಅರ್ಥಮಾಡಿಕೊಂಡನೋ, ಮುದ್ರೆ ಒತ್ತಿದ.

ಕಾಲಿಗೆ ಬುದ್ಧಿ ಹೇಳಿದೆವು. ಗೇಟಿನ ಹುಡುಗಿ ದಾರಿಗೆ ಅಡ್ಡಲಾಗಿ ಹಗ್ಗ ಎಳೆಯುತ್ತಿದ್ದಳು. ನಮ್ಮನ್ನು ಕಂಡು ನಿಲ್ಲಿಸಿದಳು. ವಿಮಾನದೊಳಗೆ ನಮ್ಮ ಅಕ್ಕಪಕ್ಕದವರು ವಾಸನೆ ತಡೆಯಲಾರದೆ ಮೂಗಿಗೆ ಕರವಸ್ತ್ರ ಹಿಡಿದಿದ್ದರು.

ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಲ್ಲಿದ್ದೆವು. ತಂಗಿ ಹಾಸಿಗೆಯ ಮೇಲೆ ಕಾಲು ಮಡಚಿ ಕೂತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ದಾರಿಯುದ್ದಕ್ಕೂ ನಾನು ಏನೇನೋ ಮಾತು ಕಟ್ಟಿಕೊಂಡು ಬಂದಿದ್ದೆ. ಒಂದೂ ಹೊರಗೆ ಬರಲಿಲ್ಲ. ಅವಳೂ ಸುಮ್ಮನೆ ನನ್ನ ಕೈ ಹಿಡಿದುಕೊಂಡಳು. ಉಳಿಸಿಟ್ಟುಕೊಂಡಿದ್ದ ಮಾತೆಲ್ಲ ಅವಳ ಗಂಟಲಲ್ಲೇ ಕಟ್ಟಿಕೊಂಡ ಹಾಗಿತ್ತು. ಬಿಸಿಲು ಕಿಟಕಿಯ ಕೆಳಗಿನವರೆಗೆ ಬಂದಿತ್ತು. ಹೀಗೇ ಹೊತ್ತು ಹೋಗಿಬಿಡುತ್ತದಲ್ಲ ಎಂದು ಒಳಗೊಳಗೇ ಒದ್ದಾಡಿದೆ.

ಆಗ ಅವಳ ಕಣ್ಣು ಭಾವನ ತೋಳಿನ ಮೇಲಿದ್ದ ಕೋಟಿಗೆ ಬಿತ್ತು.

"ಭಾವ, ಏನಿದು? ಯಾರು ಹೀಗೆ ಹರಿದು ಹಾಕಿದ್ದು?"

"ನಿಮ್ಮಕ್ಕ. ಹಲ್ಲಲ್ಲಿ."

ಅವಳು ನಕ್ಕಳು. ನಗು ಗೊರಗೊರ ಎಂದು ಬಂತು. "ಕೊಡಿ ಇಲ್ಲಿ. ಅಕ್ಕ, ಸೂಜಿ."

ದಾರ ಪೋಣಿಸಿ ಕೊಟ್ಟೆ. ಲೈನಿಂಗ್ ಮಡಿಲಿಗೆ ಹಾಕಿಕೊಂಡು ಮೊದಲನೆಯ ಹೊಲಿಗೆ ಹಾಕಿದಳು, ಬಾಯಿ ತೆರೆಯಿತು. ಗೊಗ್ಗರು ಧ್ವನಿಯಲ್ಲೇ ಶುರುವಾದಳು. ಎದುರಿನ ಹಾಸಿಗೆಯ ಅಜ್ಜಿಯ ಗೊರಕೆ, ಡಾಕ್ಟರ ಕೋಟಿನ ಕೆಟ್ಟ ಭುಜ, ತನ್ನ ಗಂಡ ಮಾಡುವ ನೀರಿನಂಥ ಸಾರು, ನಾವು ಚಿಕ್ಕವರಿದ್ದಾಗ ಅಪ್ಪನ ಶರಟಿಗೆ ಮೂರು ತೋಳು ಹಚ್ಚಿದ್ದು, ಎಲ್ಲವೂ ಬಂತು. ಗಾಡಿಗೆ ಬಾಗಿಲು ಹಿಡಿದ ಕಥೆಯನ್ನು ನನ್ನಿಂದ ಎರಡು ಸಲ ಹೇಳಿಸಿದಳು. ನಡುವೆ ತಲೆಯೆತ್ತದೆಯೇ, "ನೀನು ಬರಲ್ವೇನೋ ಅಂದ್ಕೊಂಡಿದ್ದೆ ಅಕ್ಕ," ಅಂದಳು. ನಾನು ಹೂಂಗುಟ್ಟಿದೆ. ಬಾಯಲ್ಲಿ ಗುಂಡುಸೂಜಿ ಇರಲಿಲ್ಲ, ಆದರೂ ಅಷ್ಟೇ ಆಯಿತು.

ನರ್ಸ್ ಗಾಲಿಕುರ್ಚಿ ತಂದಳು. ತಂಗಿ ಬೆರಳೆತ್ತಿ, ತಡಿ ಎಂದು ಸನ್ನೆ ಮಾಡಿ ಇನ್ನಷ್ಟು ಹೊಲಿದಳು. ನರ್ಸ್ ಮತ್ತೆ ಕರೆದಳು. ಇನ್ನೊಂದು ಗೇಣು ಉಳಿದಿತ್ತು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೋಟನ್ನು ನನ್ನ ಕೈಗಿಟ್ಟಳು.

"ಉಳಿದಿದ್ದನ್ನ ನೀನು ಹಾಕ್ಬೇಡ ಅಕ್ಕ. ನಾನೇ ಬಂದು ಮುಗಿಸ್ತೀನಿ."

ಆ ಧ್ವನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದು.

ಕೆಲವು ದಿನಗಳ ಮೇಲೆ ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಕುತ್ತಿಗೆಗೆಲ್ಲ ಪಟ್ಟಿ ಸುತ್ತಿತ್ತು. ಕಣ್ಣು ಬಿಟ್ಟು ಸುತ್ತ ನೋಡಿ, ಎರಡು ಬೆರಳು ಜೋಡಿಸಿ ಗಾಳಿಯಲ್ಲಿ ಸೂಜಿ ಎಳೆದು ತೋರಿಸಿದಳು. ಕೋಟು ತಂದು ಮಡಿಲಿಗೆ ಹಾಕಿದೆ. ಚುಚ್ಚಿದ್ದ ಸೂಜಿ ಹಾಗೇ ಇತ್ತು. ಅವಳು ಹೊಲಿಯತೊಡಗಿದಳು. ಕೋಣೆಯಲ್ಲಿ ದಾರ ಎಳೆಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆ ಮೌನವನ್ನು ನಾನು ತಡೆಯಲಾರದೆ ಹೋದೆ.

ಮಾತಾಡಲು ಶುರುಮಾಡಿದೆ. ಬೀದಿಯ ಸುದ್ದಿ, ಗಿರಾಕಿಗಳ ಹೊಟ್ಟೆ, ಗಂಡನ ಮೇಲಿನ ದೂರು, ಬಾಯಿಗೆ ಬಂದದ್ದೆಲ್ಲ. ಕೊನೆಯ ಹೊಲಿಗೆ ಬೀಳುವವರೆಗೂ ನಿಲ್ಲಿಸಲಿಲ್ಲ. ಅವಳು ಹೊಲಿಯುತ್ತ, ನಡುನಡುವೆ ತಲೆಯಾಡಿಸಿಯೇ ಹೂಂ ಎನ್ನುತ್ತಿದ್ದಳು.